ಛಾಯಾಚಿತ್ರ ಪ್ರದರ್ಶನವನ್ನು ನೋಡುವ ಬಗೆ

(ನಮ್ಮ ಉಚಿತ ವಾಚನಾಲಯದ ರವಿವಾರದ ಕೂಟದಲ್ಲಿ ಮಾಡಿದ ಭಾಷಣದ ಪಾಠ)



ಈ ಹೊತ್ತಿನ ವಿಷಯವನ್ನು ಹೊರಗಿನ ಹಲಗೆಯ ಮೇಲೆ ಬರೆದಾಗ ಒಬ್ಬಿಬ್ಬರು ನಕ್ಕರೆಂದು ಕೇಳಿದೆ. ಫೋಟೋ ನೋಡುವುದನ್ನೂ ಭಾಷಣ ಮಾಡಿ ಹೇಳಿಕೊಡಬೇಕೇ ಎಂದು ಅವರ ಪ್ರಶ್ನೆ. ನ್ಯಾಯವಾದ ಪ್ರಶ್ನೆಯೇ. ಈಗ ಪ್ರತಿಯೊಬ್ಬರ ಜೇಬಿನಲ್ಲೂ ಕ್ಯಾಮರಾ ಇದೆ, ದಿನಕ್ಕೆ ನೂರಾರು ಚಿತ್ರಗಳು ಕಣ್ಣ ಮುಂದೆ ಹಾಯ್ದು ಹೋಗುತ್ತವೆ. ಹಾಯ್ದು ಹೋಗುತ್ತವೆ ಎಂಬುದೇ ನನ್ನ ತಕರಾರು. ಗೋಡೆಗೆ ತೂಗುಹಾಕಿದ ಪಟ ಹಾಗೆ ಹಾಯ್ದು ಹೋಗುವುದಿಲ್ಲ. ಅದರ ಮುಂದೆ ನಾವು ನಿಲ್ಲಬೇಕು.

ನಮ್ಮ ಜನ ವಸ್ತುಸಂಗ್ರಹಾಲಯಕ್ಕೆ ಹೋಗುವುದೇ ಇಲ್ಲ ಎಂದು ನಾನು ಹೇಳಲಾರೆ. ಊರಿನಿಂದ ನೆಂಟರು ಬಂದರೆ ಮೊದಲು ಗೇಟ್‌ವೇ, ಆಮೇಲೆ ಮ್ಯೂಜಿಯಮ್ಮು. ಹಳಬರು ಇನ್ನೂ ಪ್ರಿನ್ಸ್ ಆಫ್ ವೇಲ್ಸ್ ಎಂದೇ ಕರೆಯುವ ಆ ಛತ್ರಪತಿ ಶಿವಾಜಿ ಮಹಾರಾಜ ವಸ್ತು ಸಂಗ್ರಹಾಲಯದಲ್ಲಿ ಐಹೊಳೆಯ ಹುಚ್ಚಪ್ಪಯ್ಯನ ಗುಡಿಯಿಂದ ತಂದ ಶಿಲಾಫಲಕಗಳಿವೆ. ಅವನ್ನು ನೆಂಟರಿಗೆ ತೋರಿಸಿ “ಇದು ನಮ್ಮ ಕಡೆಯದು” ಎಂದು ಹೇಳುವಾಗ ನಮ್ಮ ದನಿ ಸ್ವಲ್ಪ ಏರುತ್ತದೆ. ಆದರೆ ಮಗ್ಗುಲಲ್ಲೇ ಇರುವ ಜಹಾಂಗೀರ್ ಆರ್ಟ್ ಗ್ಯಾಲರಿಯ ಮೆಟ್ಟಿಲು ಹತ್ತುವವರು ಕಡಿಮೆ. ಅಲ್ಲಿ ಟಿಕೇಟೂ ಇಲ್ಲ. ಬಾಗಿಲಲ್ಲಿ ನಿಂತಿರುವವರ ಉಡುಪು ನೋಡಿ, ಇದು ನಮ್ಮಂಥವರಿಗಲ್ಲವೆಂದು ಹೊರಟು ಬರುತ್ತೇವೆ.

ಛಾಯಾಚಿತ್ರ ಪ್ರದರ್ಶನದ ವಿಷಯದಲ್ಲಿ ಈ ಸಂಕೋಚ ತೀರ ವಿಪರೀತವಾದದ್ದು. ಯಾಕೆಂದರೆ ಒಳಗೆ ಗೋಡೆಯ ಮೇಲೆ ಇರುವವರು ಯಾರು? ಹೊರೆ ಹೊತ್ತವನು, ರಸ್ತೆ ಗುಡಿಸುವವಳು, ಲೋಕಲ್ ಗಾಡಿಗೆ ಜೋತುಬಿದ್ದ ಗುಮಾಸ್ತ, ಚಹದ ಹುಡುಗ. ಪಟ ತೆಗೆದವರು, ತೂಗುಹಾಕಿದವರು, ಅದರ ಬಗ್ಗೆ ಪತ್ರಿಕೆಯಲ್ಲಿ ಬರೆಯುವವರು ಬೇರೆ ಜನ. ಚಿತ್ರದೊಳಗಿನವರು ನಾವು. ಆದ್ದರಿಂದ ನಾನು ಯಾವ ಪ್ರದರ್ಶನಕ್ಕೆ ಹೋದರೂ ಒಂದು ಪ್ರಶ್ನೆಯನ್ನು ಕೈಯಲ್ಲಿ ಹಿಡಿದುಕೊಂಡು ಹೋಗುತ್ತೇನೆ: ಈ ಪಟದಲ್ಲಿರುವವನು ಈಗ ಬಂದು ನನ್ನ ಪಕ್ಕದಲ್ಲಿ ನಿಂತು ಇದನ್ನು ನೋಡಿದರೆ, ಇದರ ಕೆಳಗೆ ಬರೆದದ್ದನ್ನು ಯಾರಾದರೂ ಓದಿ ಹೇಳಿದರೆ, ಅವನು ಏನೆಂದಾನು? ಹೌದೆಂದಾನೇ? ಈ ಒಂದು ತಕ್ಕಡಿಯಲ್ಲಿ ಎಷ್ಟೋ ಪ್ರಸಿದ್ಧ ಚಿತ್ರಗಳ ತೂಕ ಇಳಿಯುತ್ತದೆ, ಕೆಲವುದರ ತೂಕ ಏರುತ್ತದೆ.

ಮೊದಲು ಹಳೆಯ ಪಟಗಳ ಮಾತು. ಇಂಥ ಪ್ರದರ್ಶನದ ಕೋಣೆಯಲ್ಲಿ ದೀಪ ಮಂದವಾಗಿರುತ್ತದೆ. ಕರೆಂಟು ಉಳಿಸುವುದಕ್ಕೆಂದು ತಿಳಿಯಬೇಡಿ. ಕಳೆದ ಶತಮಾನಕ್ಕೂ ಹಿಂದೆ, ಮೊಟ್ಟೆಯ ಬಿಳಿಯ ಲೋಳೆಯನ್ನು ಕಾಗದಕ್ಕೆ ಬಳಿದು ಮಾಡಿದ ಪ್ರತಿಗಳು ಬೆಳಕಿಗೆ ಬಿದ್ದಷ್ಟೂ ಮಾಸುತ್ತವೆ. ಅವು ಕಂದುಬಣ್ಣಕ್ಕಿರುತ್ತವೆ, ತೆಳುವಾಗಿ ರಟ್ಟಿಗೆ ಅಂಟಿಸಿರುತ್ತಾರೆ. ಗಾತ್ರವೂ ಚಿಕ್ಕದು, ಏಕೆಂದರೆ ಆಗ ಗಾಜಿನ ಫಲಕ ಎಷ್ಟು ದೊಡ್ಡದೋ ಪ್ರತಿಯೂ ಅಷ್ಟೇ ದೊಡ್ಡದು. ಹಾಗಿದ್ದ ಪಟವನ್ನು ಇಂದು ಗೋಡೆಯಷ್ಟಗಲ ಹಿಗ್ಗಿಸಿ ತೂಗಿದ್ದರೆ, ಅದರ ಭವ್ಯತೆ ಪಟ ತೆಗೆದವನದಲ್ಲ, ಪ್ರದರ್ಶನ ಮಾಡಿದವರದು. ಮೊದಲ ಪ್ರತಿಯೋ ಹೊಸದಾಗಿ ಮಾಡಿಸಿದ ಪ್ರತಿಯೋ ಎಂಬುದನ್ನು ಕೆಳಗಿನ ಚೀಟಿಯಲ್ಲಿ ಹೇಳಬೇಕು. ಹೇಳದಿದ್ದರೆ ಕೇಳುವುದಕ್ಕೆ ಅಡ್ಡಿಯಿಲ್ಲ.

ಹಂಪೆಯ ಉದಾಹರಣೆ ತೆಗೆದುಕೊಳ್ಳಿ. ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಮದರಾಸು ಸೈನ್ಯದ ಅಧಿಕಾರಿ ೧೮೫೬ರಲ್ಲಿ ಅಲ್ಲಿ ದೊಡ್ಡ ಕ್ಯಾಮರಾ ಇಟ್ಟು, ಮೇಣ ಹಚ್ಚಿದ ಕಾಗದದ ಮೇಲೆ ಬಿಂಬ ಹಿಡಿದ. ಫಿಲ್ಮಲ್ಲ, ಗಾಜೂ ಅಲ್ಲ, ಬರಿಯ ಕಾಗದ. ಆ ಮೂಲ ಕಾಗದಗಳು ಉಳಿದುಕೊಂಡು ಬಂದಿವೆ. ಅವುಗಳಲ್ಲಿ ವಿಠ್ಠಲ ದೇವಾಲಯದ ಕಲ್ಲಿನ ರಥ ಒಂದು. ಈ ರಥವನ್ನು ನೋಡಲು ಹಂಪೆಗೆ ಹೋಗಬೇಕಾಗಿಲ್ಲ. ೨೦೧೭ರಲ್ಲಿ ಹೊರಟ ೫೦ ರೂಪಾಯಿಯ ನೋಟಿನ ಹಿಂಭಾಗದಲ್ಲಿ ಅದು ಇದೆ. ನೋಟನ್ನು ಪಟದ ಪಕ್ಕದಲ್ಲಿಟ್ಟು ನೋಡಿ. ಗ್ರೀನ್‌ಲಾ ತೆಗೆದ ಪಟದಲ್ಲಿ ರಥದ ನೆತ್ತಿಯ ಮೇಲೆ ಇಟ್ಟಿಗೆಯ ಶಿಖರವೊಂದು ಕುಳಿತಿದೆ. ನೋಟಿನ ಮೇಲಿನ ರಥಕ್ಕೆ ಶಿಖರವಿಲ್ಲ, ಅದು ಆಮೇಲೆ ಇಲ್ಲವಾಯಿತು. ನಾವೆಲ್ಲ ಚಿಕ್ಕಂದಿನಿಂದ ನೋಡಿ ಇದೇ ಪೂರ್ಣರೂಪವೆಂದುಕೊಂಡದ್ದು ಪೂರ್ಣವಲ್ಲವೆಂದು ಒಂದು ಕಾಗದದ ತುಂಡು ಹೇಳುತ್ತದೆ. ೧೯೮೩ರಲ್ಲಿ ಆಸ್ಟ್ರೇಲಿಯದ ಜಾನ್ ಗೋಲಿಂಗ್ಸ್ ಎಂಬ ಛಾಯಾಗ್ರಾಹಕರು ಗ್ರೀನ್‌ಲಾ ನಿಂತ ಜಾಗಗಳಲ್ಲೇ ನಿಂತು ಅವೇ ನೋಟಗಳನ್ನು ಮತ್ತೆ ತೆಗೆದರು. ಎರಡನ್ನೂ ಅಕ್ಕಪಕ್ಕ ತೂಗಿದರೆ ಮಾತೇ ಬೇಡ, ನೂರ ಇಪ್ಪತ್ತೇಳು ವರ್ಷಗಳ ಕಥೆ ಅಲ್ಲಿಯೇ ಇದೆ.

ಆದರೆ ಗ್ರೀನ್‌ಲಾನ ಹಂಪೆಯಲ್ಲಿ ಇನ್ನೊಂದು ಸಂಗತಿ ಗಮನಿಸಬೇಕು. ಅಲ್ಲಿ ಜನ ಕಾಣುವುದು ಅಪರೂಪ. ಹಾಗಾದರೆ ಆಗ ಹಂಪೆಯಲ್ಲಿ ಜನರೇ ಇರಲಿಲ್ಲವೇ? ದೇವರಿಗೆ ಪೂಜೆ ನಡೆಯುತ್ತಿತ್ತು, ದನ ಮೇಯಿಸುವವರು ಇದ್ದರು, ಹೊಲ ಇತ್ತು. ಆ ಕಾಗದದ ಮೇಲೆ ಬಿಂಬ ಮೂಡುವುದಕ್ಕೆ ನಿಮಿಷಗಟ್ಟಲೆ ಹಿಡಿಯುತ್ತಿತ್ತು. ಅಷ್ಟು ಹೊತ್ತು ಕಲ್ಲು ನಿಂತೀತು, ಕೆಲಸಕ್ಕೆ ಹೊರಟ ಮನುಷ್ಯ ನಿಂತಾನೇ? ನಡೆದು ಹೋದವನು ಪಟದಲ್ಲಿ ದಾಖಲಾಗಲಿಲ್ಲ. ಹಾಳು ಹಂಪೆಯೆಂಬ ನಿರ್ಜನ ಕಲ್ಪನೆಗೆ ಕ್ಯಾಮರಾದ ಈ ನಿಧಾನವೂ ತನ್ನ ಪಾಲು ಸೇರಿಸಿದೆ. ಪ್ರದರ್ಶನದವರು ಇದನ್ನು ಒಂದು ಸಾಲಿನಲ್ಲಿ ಹೇಳಿದರೆ ಒಳ್ಳೆಯ ಪ್ರದರ್ಶನ. ಹೇಳದೆ “ನಿರ್ಜನ ವೈಭವ” ಎಂದು ಬರೆದರೆ ಸೋಮಾರಿ ಪ್ರದರ್ಶನ.

ಈಗ ನಮ್ಮ ಮುಂಬಯಿಗೆ ಬರೋಣ. ಇಲ್ಲಿ ಛಾಯಾಗ್ರಾಹಕರ ಸಂಘ ೧೮೫೪ರಷ್ಟು ಹಿಂದೆಯೇ ಹುಟ್ಟಿತು. ಆಗಿನವರಲ್ಲಿ ವಿಲಿಯಂ ಜಾನ್ಸನ್ ಎಂಬಾತ ಒಬ್ಬ. ಸರಕಾರದ ನೌಕರಿಯಲ್ಲಿದ್ದು ಆಮೇಲೆ ಛಾಯಾಗ್ರಹಣದ ವೃತ್ತಿಗೆ ಇಳಿದವನು. ಮುಂಬಯಿಯ ನಿವಾಸಿಗಳು, ಬಂದು ಹೋಗುವವರು, ಅವರ ಜಾತಿ ಪಂಗಡಗಳು ಎಂಬ ವಿಷಯದ ಮೇಲೆ ಎರಡು ಸಂಪುಟ ಹೊರಡಿಸಿದ, ಒಂದು ೧೮೬೩ರಲ್ಲಿ, ಇನ್ನೊಂದು ೧೮೬೬ರಲ್ಲಿ. ಚಿತ್ರಗಳು ನೋಡುವುದಕ್ಕೆ ಚೆನ್ನ. ಒಂದು ಪಂಗಡದ ಜನ ತಮ್ಮ ಉಡುಪಿನಲ್ಲಿ ನಿಂತಿದ್ದಾರೆ, ಹಿಂದೆ ಗುಡಿಯೋ ಕಟ್ಟಡವೋ ಕಡಲ ತೀರವೋ ಇದೆ. ಸ್ವಲ್ಪ ಹೊತ್ತು ನಿಂತು ನೋಡಿದರೆ ಏನೋ ಸರಿಹೋಗುವುದಿಲ್ಲ. ಮನುಷ್ಯರ ಮೇಲೆ ಬಿದ್ದ ಬೆಳಕು ಒಂದು ಕಡೆಯಿಂದ, ಹಿಂದಿನ ಕಟ್ಟಡದ ಮೇಲೆ ಬಿದ್ದದ್ದು ಇನ್ನೊಂದು ಕಡೆಯಿಂದ. ಕಾಲ ಕೆಳಗೆ ನೆರಳು ಕೂಡಿ ಬರುವುದಿಲ್ಲ. ಕಾರಣ, ಜಾನ್ಸನ್ ಜನರನ್ನು ಒಂದು ಕಡೆ, ಹಿನ್ನೆಲೆಯನ್ನು ಇನ್ನೊಂದು ಕಡೆ ತೆಗೆದು ಎರಡನ್ನೂ ಜೋಡಿಸಿದ್ದ. ಕಂಪ್ಯೂಟರು ಬಂದ ಮೇಲೆ ಪಟಗಳು ಸುಳ್ಳಾದುವು ಎಂದು ಕೊರಗುವವರು ಇದನ್ನು ಒಮ್ಮೆ ನೋಡಬೇಕು. ಒಂದೂವರೆ ನೂರು ವರ್ಷದ ಹಿಂದೆಯೇ, ನಮ್ಮ ಈ ಊರಿನಲ್ಲೇ, ಕತ್ತರಿ ಚೆನ್ನಾಗಿ ಕೆಲಸ ಮಾಡಿದೆ.

ಜಾನ್ಸನ್ ಮೋಸಗಾರನೆಂದು ನಾನು ಹೇಳುವುದಿಲ್ಲ. ಆಗಿನ ತಂತ್ರದಲ್ಲಿ ಹೊರಗೆ ಗುಂಪನ್ನು ತೆಗೆಯುವುದು ಕಷ್ಟವೇ. ನನ್ನ ಬೇಸರ ಬೇರೆ. ಪಟದ ಕೆಳಗೆ ಪಂಗಡದ ಹೆಸರಿದೆ, ಆಳಿನ ಹೆಸರು ಬೇಕೆಂದು ಅನ್ನಿಸಲೇ ಇಲ್ಲ. ಒಬ್ಬ ಮನುಷ್ಯ ನಿಂತ, ಆದರೆ ಅವನು ತಾನಾಗಿ ನಿಲ್ಲಲಿಲ್ಲ, ತನ್ನ ಜಾತಿಯ ಮಾದರಿಯಾಗಿ ನಿಂತ. ಈ ಚಾಳಿ ದೊಡ್ಡದಾದದ್ದು ೧೮೬೮ರಿಂದ ೧೮೭೫ರ ತನಕ ಸರಕಾರವೇ ಎಂಟು ಸಂಪುಟಗಳಲ್ಲಿ ಹೊರಡಿಸಿದ ‘ದಿ ಪೀಪಲ್ ಆಫ್ ಇಂಡಿಯಾ’ದಲ್ಲಿ. ಅದರಲ್ಲಿ ೪೬೮ ಛಾಯಾಚಿತ್ರಗಳು. ಕೆಳಗಿನ ಬರಹದಲ್ಲಿ ಈ ಪಂಗಡ ನಂಬಿಕಸ್ಥ, ಆ ಪಂಗಡ ಕಳ್ಳರದು ಎಂಬ ಧಾಟಿ. ೧೮೫೭ರ ದಂಗೆಯ ನಂತರ ಸರಕಾರಕ್ಕೆ ಬೇಕಾಗಿದ್ದದ್ದು ಅದೇ ಲೆಕ್ಕ. ಇಂಥ ಪಟಗಳನ್ನು ಇಂದು ತೂಗುಹಾಕುವವರು ಆ ಬರಹವನ್ನೂ ಜೊತೆಗಿಟ್ಟು ಅದರ ಉದ್ದೇಶವನ್ನು ಹೇಳಬೇಕು. ಬರಹ ಕತ್ತರಿಸಿ, ಮುಖ ಮಾತ್ರ ಚಂದದ ಚೌಕಟ್ಟಿನಲ್ಲಿಟ್ಟರೆ ಅದು ಎರಡನೆಯ ಸಲ ಮಾಡಿದ ಅನ್ಯಾಯ.

ಇನ್ನು ಕ್ಷಾಮದ ಪಟಗಳು. ಈ ಭಾಗ ಹೇಳುವುದು ನನಗೆ ಸುಲಭವಲ್ಲ. ಆದರೆ ಇದನ್ನು ಬಿಟ್ಟರೆ ಉಳಿದದ್ದೆಲ್ಲ ಬರಿಯ ಹರಟೆಯಾಗುತ್ತದೆ.

ಧಾತು, ಈಶ್ವರ ಸಂವತ್ಸರಗಳ ಬರದ ಮಾತನ್ನು ನಿಮ್ಮಲ್ಲಿ ಕೆಲವರು ಮನೆಯ ಹಿರಿಯರಿಂದ ಕೇಳಿರಬಹುದು. ೧೮೭೬ರಿಂದ ೧೮೭೮. ಮದರಾಸು ಪ್ರಾಂತ, ಬಳ್ಳಾರಿ, ಮೈಸೂರು ಸೀಮೆ, ಮುಂಬಯಿ ಪ್ರಾಂತದ ಕನ್ನಡ ಜಿಲ್ಲೆಗಳು ಎಲ್ಲವೂ ಬೆಂದುವು. ಮೈಸೂರು ಸಂಸ್ಥಾನದ ಜನಸಂಖ್ಯೆ ೧೮೭೧ರ ಖಾನೇಸುಮಾರಿಯಲ್ಲಿ ೫೦ ಲಕ್ಷ ದಾಟಿತ್ತು, ೧೮೮೧ರಲ್ಲಿ ಸುಮಾರು ೪೨ ಲಕ್ಷಕ್ಕೆ ಇಳಿಯಿತು. ಆ ಬರದ ಕಾಲದಲ್ಲಿ ಮದರಾಸು ಪ್ರಾಂತದಲ್ಲಿ ವಿಲ್ಲೋಬಿ ವಾಲೇಸ್ ಹೂಪರ್ ಎಂಬ ಸೈನ್ಯಾಧಿಕಾರಿ ಹಸಿದವರ ಪಟಗಳನ್ನು ತೆಗೆದ. ಎಲುಬು ಎಣಿಸಬಹುದಾದ ಗಂಡಸರು, ಹೆಂಗಸರು, ಮಕ್ಕಳು. ಅವರನ್ನು ಗುಂಪು ಮಾಡಿ, ಸಾಲಾಗಿ ಕೂರಿಸಿ ನಿಲ್ಲಿಸಿ, ಮದುವೆಯ ಗ್ರೂಪ್ ಫೋಟೋದಂತೆ ಅಣಿ ಮಾಡಿ ತೆಗೆದ ಪಟಗಳು. ಅವುಗಳಲ್ಲಿ ಒಂದಕ್ಕೆ ಕೊಟ್ಟ ಹೆಸರಿನ ಅರ್ಥ “ಧರ್ಮಾರ್ಥ ನೆರವಿಗೆ ಯೋಗ್ಯರಾದವರು” ಎಂದು. ಪಟ ತೆಗೆದು ಅನ್ನ ಕೊಡದೆ ಕಳಿಸಿದನೆಂಬ ಆಪಾದನೆ ಅವನ ಮೇಲೆ ಆ ಕಾಲದಲ್ಲೇ ಬಂತು.

ಇವು ಇಂದಿಗೂ ದೊಡ್ಡ ದೊಡ್ಡ ಸಂಗ್ರಹಗಳಲ್ಲಿವೆ, ಪುಸ್ತಕಗಳಲ್ಲಿ ಅಚ್ಚಾಗುತ್ತವೆ, ಆಗಾಗ ಪ್ರದರ್ಶನಕ್ಕೂ ಬರುತ್ತವೆ. ತೂಗುಹಾಕಬೇಕೇ, ಬೇಡವೇ? ಹಾಕಲೇಬಾರದು ಎನ್ನುವವರಿದ್ದಾರೆ. ಸತ್ತವರ ಮಾನ ಕಳೆಯುವುದು ಸಾಕು ಎಂದು ಅವರ ವಾದ. ನನಗೆ ಆ ವಾದದಲ್ಲಿ ಮರ್ಯಾದೆಯಿದೆ, ಆದರೆ ಒಪ್ಪಿಗೆಯಿಲ್ಲ. ಪಟ ಮುಚ್ಚಿಟ್ಟರೆ ಬರವೂ ಮುಚ್ಚಿಹೋಗುತ್ತದೆ. ಹಾಕಲಿ, ಆದರೆ ಇದ್ದ ಗಾತ್ರದಲ್ಲಿ ಹಾಕಲಿ, ಹಿಗ್ಗಿಸುವುದು ಬೇಡ. ಪಕ್ಕದಲ್ಲಿ ಲೆಕ್ಕ ಬರೆಯಲಿ. ೧೮೭೭ರಲ್ಲಿ ಸರ್ ರಿಚರ್ಡ್ ಟೆಂಪಲ್ ಕ್ಷಾಮದ ಕಾಮಗಾರಿಯಲ್ಲಿ ಗಂಡಾಳಿಗೆ ಗೊತ್ತುಮಾಡಿದ ಕೂಲಿ ದಿನಕ್ಕೆ ಒಂದು ಪೌಂಡು ಧಾನ್ಯ, ಮೇಲೆ ಒಂದು ಆಣೆ. ಒಂದು ಪೌಂಡೆಂದರೆ ಅರ್ಧ ಕಿಲೋಗೂ ಕಡಿಮೆ. ಕಲ್ಲು ಒಡೆಯುವವನಿಗೆ! ಅವೇ ವರ್ಷಗಳಲ್ಲಿ ಹಿಂದುಸ್ಥಾನದ ಬಂದರುಗಳಿಂದ ಧಾನ್ಯ ಹೊರದೇಶಕ್ಕೆ ಹೋಗುತ್ತಲೇ ಇತ್ತು. ಈ ಎರಡು ಸಾಲು ಪಟದ ಕೆಳಗಿದ್ದರೆ ನೋಡುವವನಿಗೆ ಅಯ್ಯೋ ಪಾಪ ಎನ್ನುವುದರ ಜೊತೆಗೆ ಸಿಟ್ಟೂ ಬರುತ್ತದೆ. ಆ ಗುಂಪಿನಲ್ಲಿ ಕುಳಿತವರು ಎದ್ದು ಬಂದು ಪಕ್ಕದಲ್ಲಿ ನಿಂತರೆ, ಅಯ್ಯೋ ಪಾಪವನ್ನು ಒಪ್ಪಲಾರರು, ಸಿಟ್ಟನ್ನು ಒಪ್ಪಿಯಾರು ಎಂದು ನನ್ನ ಎಣಿಕೆ.

ದುಡ್ಡು ಕೊಟ್ಟು ಪಟ ತೆಗೆಸಿಕೊಂಡವರ ಸ್ಥಿತಿಯೇ ಬೇರೆ. ರಾಜಾ ದೀನ್ ದಯಾಳ್ ಅವರ ಹೆಸರು ಕೇಳಿರುತ್ತೀರಿ. ಇಂದೂರಿನಲ್ಲಿ ಮರಾಮತ್ತು ಖಾತೆಯ ನೌಕರರಾಗಿದ್ದು, ಹೈದರಾಬಾದಿನ ನಿಜಾಮರ ಆಶ್ರಯ ಪಡೆದು, ಸಿಕಂದರಾಬಾದಿನಲ್ಲೂ ೧೮೯೬ರಲ್ಲಿ ನಮ್ಮ ಮುಂಬಯಿಯಲ್ಲೂ ಸ್ಟುಡಿಯೋ ಇಟ್ಟವರು. ೧೮೯೨ರಲ್ಲಿ ಹೈದರಾಬಾದಿನಲ್ಲಿ ಗೋಷಾ ಹೆಂಗಸರಿಗಾಗಿಯೇ ಬೇರೆ ಸ್ಟುಡಿಯೋ ತೆರೆದು ಅದನ್ನು ಹೆಂಗಸೊಬ್ಬರ ಕೈಗೆ ಒಪ್ಪಿಸಿದ್ದರು. ಅವರ ಎದುರು ಕುಳಿತವರು ತಮಗೆ ಬೇಕಾದಂತೆ ಕುಳಿತರು. ನಮ್ಮವರೂ ಹಾಗೆಯೇ ಅಲ್ಲವೇ? ಮುಂಬಯಿಗೆ ಬಂದ ಮೊದಲ ವರ್ಷ ಊರಿಗೆ ಕಳಿಸುವುದಕ್ಕೆಂದು ತೆಗೆಸಿದ ಪಟದಲ್ಲಿ ಕೋಟು ಸ್ಟುಡಿಯೋದವನದು, ಹಿಂದಿನ ಪರದೆಯ ಮೇಲಿನ ಬಂಗಲೆ ಯಾರದೂ ಅಲ್ಲ. ಇದು ಸುಳ್ಳೇ? ನಾನು ಸುಳ್ಳೆನ್ನಲಾರೆ. ಮಗ ಸುಖವಾಗಿದ್ದಾನೆಂದು ತಾಯಿ ತಿಳಿಯಲಿ ಎಂಬ ಆಸೆ ಅದರಲ್ಲಿ ನಿಜವಾಗಿಯೇ ಇದೆ. ಮಾತು ಬಂತೆಂದು ಹೇಳುತ್ತೇನೆ: ಅಂಥ ಪಟಗಳು ನಿಮ್ಮ ಟ್ರಂಕಿನಲ್ಲಿದ್ದರೆ ಈ ವಾರವೇ ತೆಗೆದು, ಹಿಂಭಾಗದಲ್ಲಿ ಅಂಚಿಗೆ ಹೆಸರು, ಊರು, ವರ್ಷ ಬರೆದಿಡಿ. ಮೆತ್ತನೆಯ ಪೆನ್ಸಿಲಿನಿಂದ ಬರೆಯಿರಿ. ಶಾಯಿ ಮುಂದಕ್ಕೆ ಇಳಿಯುತ್ತದೆ.

ಹೆಸರಿಲ್ಲದ ಪಟ ಏನಾಗುತ್ತದೆ ಎಂಬುದಕ್ಕೆ ಜಗತ್ಪ್ರಸಿದ್ಧವಾದ ಒಂದು ಉದಾಹರಣೆ ನಮ್ಮ ಜಹಾಂಗೀರ್ ಗ್ಯಾಲರಿಗೂ ಬಂದು ಹೋಗಿದೆ. ೧೯೫೬ರಲ್ಲಿ ಅಲ್ಲಿ ‘ಫ್ಯಾಮಿಲಿ ಆಫ್ ಮ್ಯಾನ್’, ಅಂದರೆ ಮಾನವ ಕುಟುಂಬ, ಎಂಬ ಅಮೇರಿಕದ ಪ್ರದರ್ಶನ ನಡೆಯಿತು. ಅದನ್ನು ಕೂಡಿಸಿದವರು ಎಡ್ವರ್ಡ್ ಸ್ಟೈಕನ್. ೧೯೫೫ರಲ್ಲಿ ನ್ಯೂಯಾರ್ಕಿನಲ್ಲಿ ಮೊದಲು ತೆರೆದಾಗ ೬೮ ದೇಶಗಳ ೨೭೩ ಛಾಯಾಗ್ರಾಹಕರ ೫೦೩ ಪಟಗಳಿದ್ದುವು. ಆಮೇಲೆ ಅಮೇರಿಕದ ಸರಕಾರದ ಪ್ರಚಾರ ಖಾತೆ ಅದನ್ನು ಲೋಕವೆಲ್ಲ ಸುತ್ತಿಸಿತು. ತೊಂಬತ್ತು ಲಕ್ಷಕ್ಕೂ ಹೆಚ್ಚು ಜನ ನೋಡಿದರು. ಪ್ರೀತಿ, ಹೆರಿಗೆ, ದುಡಿಮೆ, ಊಟ, ಸಾವು, ಎಲ್ಲ ದೇಶದವರಿಗೂ ಒಂದೇ, ನಾವೆಲ್ಲ ಒಂದು ಕುಟುಂಬ ಎಂಬುದು ಅದರ ಸಾರ. ಕೇಳುವುದಕ್ಕೆ ಹಿತ. ಪಟದ ಕೆಳಗೆ ಇದ್ದದ್ದು ತೆಗೆದವರ ಹೆಸರು, ದೇಶದ ಹೆಸರು, ಅಷ್ಟೆ. ಪ್ಯಾರಿಸಿನಲ್ಲಿ ಅದನ್ನು ನೋಡಿದ ರೋಲಾಂ ಬಾರ್ತ್ ಎಂಬ ಫ್ರೆಂಚ್ ಲೇಖಕರು ಇದಕ್ಕೇ ಆಕ್ಷೇಪಣೆ ಎತ್ತಿದರು. ಹುಟ್ಟು ಸಾವು ಎಲ್ಲರಿಗೂ ಇದೆ, ಸರಿ, ಆದರೆ ದುಡಿಮೆಯನ್ನೂ ಅದೇ ಸಾಲಿನಲ್ಲಿ ಸೇರಿಸಿ ಪ್ರಕೃತಿಧರ್ಮ ಮಾಡಬಹುದೇ ಎಂದು. ನಮ್ಮ ಭಾಷೆಯಲ್ಲಿ ಹೇಳುವುದಾದರೆ, ಎಲ್ಲರೂ ದುಡಿಯುತ್ತಾರೆ ಎಂದರೆ ಆಯಿತೇ, ಕೂಲಿ ಎಷ್ಟು, ಲಾಭ ಯಾರಿಗೆ ಎಂದು ಹೇಳಬೇಡವೇ?

ಆ ಪ್ರದರ್ಶನದಲ್ಲಿ ಡೊರೊಥಿಯಾ ಲ್ಯಾಂಗ್ ತೆಗೆದ ಒಂದು ಪಟವಿತ್ತು. ನೀವೂ ಎಲ್ಲಿಯಾದರೂ ನೋಡಿರುತ್ತೀರಿ: ಒಬ್ಬ ತಾಯಿ, ಕೆನ್ನೆಗೆ ಬೆರಳು, ಅವಳ ಎರಡು ಹೆಗಲಿಗೆ ಮುಖ ಮರೆಸಿಕೊಂಡ ಇಬ್ಬರು ಮಕ್ಕಳು, ಮಡಿಲಲ್ಲಿ ಕೂಸು. ‘ವಲಸೆ ತಾಯಿ’ ಎಂದು ಆ ಪಟಕ್ಕೆ ಹೆಸರು. ೧೯೩೬ರ ಮಾರ್ಚಿಯಲ್ಲಿ ಕ್ಯಾಲಿಫೋರ್ನಿಯದ ನಿಪೋಮೋ ಎಂಬಲ್ಲಿ, ಬಟಾಣಿ ಬಿಡಿಸುವ ಕೂಲಿಕಾರರ ಬಿಡಾರದಲ್ಲಿ ತೆಗೆದದ್ದು. ಮಂಜು ಬಿದ್ದು ಬೆಳೆ ಹಾಳಾಗಿ ಕೂಲಿ ಇರಲಿಲ್ಲ. ಲ್ಯಾಂಗ್ ಸರಕಾರದ ಕೆಲಸದ ಮೇಲೆ ಹೊರಟವರು. ಹತ್ತು ನಿಮಿಷ ಇದ್ದು ಕೆಲವು ಪಟ ತೆಗೆದು ಹೊರಟುಹೋದರು, ಹೆಸರು ಕೇಳಲಿಲ್ಲ. ಪಟ ಪತ್ರಿಕೆಯಲ್ಲಿ ಬಂದ ಕೂಡಲೇ ಆ ಬಿಡಾರಕ್ಕೆ ಇಪ್ಪತ್ತು ಸಾವಿರ ಪೌಂಡು ಆಹಾರ ಬಂತು. ಒಳ್ಳೆಯದೇ ಆಯಿತು. ಆದರೆ ಆ ತಾಯಿಯ ಕುಟುಂಬ ಅಷ್ಟರಲ್ಲಿ ಕೂಲಿ ಹುಡುಕಿಕೊಂಡು ಬೇರೆ ಕಡೆ ಹೋಗಿಯಾಗಿತ್ತು.

ಆಕೆಯ ಹೆಸರು ಫ್ಲಾರೆನ್ಸ್ ಓವೆನ್ಸ್ ಥಾಂಪ್ಸನ್ ಎಂದು ಲೋಕಕ್ಕೆ ತಿಳಿದದ್ದು ೧೯೭೮ರಲ್ಲಿ, ನಲವತ್ತೆರಡು ವರ್ಷದ ಮೇಲೆ. ಚೆರೋಕಿ ಬುಡಕಟ್ಟಿನ ಹೆಂಗಸು ಎಂಬುದೂ ಆಮೇಲೆಯೇ ತಿಳಿಯಿತು. ಆ ಪಟದಿಂದ ತನಗೆ ಒಂದು ಬಿಡಿಕಾಸೂ ಬರಲಿಲ್ಲವೆಂದು ಆಕೆ ಹೇಳಿಕೊಂಡರು. ಊಟಕ್ಕಾಗಿ ಕಾರಿನ ಟಯರು ಮಾರಿದರೆಂದು ಲ್ಯಾಂಗ್ ಬರೆದಿದ್ದರು. ಅದು ಸುಳ್ಳೆಂದು ಮಕ್ಕಳು ಹೇಳಿದರು. ನೋಡಿ, ಪಟ ಅಸಾಧಾರಣವಾದದ್ದು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಚಿತ್ರದಲ್ಲಿರುವವರು ಪಕ್ಕದಲ್ಲಿ ಬಂದು ನಿಂತರೆ ಏನೆನ್ನುತ್ತಾರೆ ಎಂಬ ನನ್ನ ಪ್ರಶ್ನೆ ಬರಿಯ ಊಹೆಯದಲ್ಲ. ಇಲ್ಲಿ ಒಬ್ಬರು ನಿಜವಾಗಿಯೂ ಬಂದು ನಿಂತರು, ಮಾತಾಡಿದರು. ಇಂದು ಯಾವ ಪ್ರದರ್ಶನದಲ್ಲೇ ಆಗಲಿ ಈ ಪಟದ ಕೆಳಗೆ ಥಾಂಪ್ಸನ್ ಅವರ ಹೆಸರಿಲ್ಲದೆ ‘ವಲಸೆ ತಾಯಿ’ ಎಂದಷ್ಟೇ ಇದ್ದರೆ, ಆ ಪ್ರದರ್ಶನಕ್ಕೆ ನನ್ನ ಅಂಕ ಕಡಿಮೆ. ನಾವೂ ವಲಸೆ ಬಂದವರೇ. ನಮ್ಮನ್ನು ಯಾರಾದರೂ ‘ವಲಸೆಗಾರ’ ಎಂಬ ಒಂದೇ ಹೆಸರಿನಲ್ಲಿ ಗೋಡೆಗೆ ಏರಿಸಿದರೆ ನಮಗೆ ಹೇಗಾದೀತು?

ಬೀದಿಯ ಛಾಯಾಚಿತ್ರ ತೆಗೆಯುವವರ ಮೇಲೆ ಇಷ್ಟು ಹೇಳಿದ ಮೇಲೆ ಅವರ ಪರವಾಗಿಯೂ ಹೇಳಬೇಕು. ಬೀದಿಯಲ್ಲಿ ಪ್ರತಿಯೊಬ್ಬನ ಹೆಸರು ಕೇಳಿ ಅಪ್ಪಣೆ ಪಡೆದು ತೆಗೆಯುವುದಾದರೆ ಪಟವೇ ಹುಟ್ಟುವುದಿಲ್ಲ. ಕೇಳಿದ ಕೂಡಲೇ ಮನುಷ್ಯ ಅಂಗಿ ಸರಿಮಾಡಿಕೊಳ್ಳುತ್ತಾನೆ. ರಘು ರಾಯ್ ೧೯೯೫ರಲ್ಲಿ ನಮ್ಮ ಚರ್ಚ್‌ಗೇಟ್ ನಿಲ್ದಾಣದಲ್ಲಿ ತೆಗೆದ ಪಟ ನೋಡಿ. ಕೆಲವರು ಕುಳಿತು ವೃತ್ತಪತ್ರಿಕೆ ಓದುತ್ತಿದ್ದಾರೆ. ಅವರು ಸ್ಪಷ್ಟವಾಗಿದ್ದಾರೆ. ಅವರ ಸುತ್ತ ಗಾಡಿಗೆ ಓಡುವ ಜನಸಮೂಹ ಹೊಗೆಯಂತೆ, ನೆರೆಯ ನೀರಿನಂತೆ ಹರಿದಿದೆ. ಕ್ಯಾಮರಾದ ಕಣ್ಣನ್ನು ಬೇಕೆಂದೇ ಹೆಚ್ಚು ಹೊತ್ತು ತೆರೆದಿಟ್ಟು ತೆಗೆದದ್ದು. ಹಂಪೆಯಲ್ಲಿ ೧೮೫೬ರಲ್ಲಿ ನಡೆದುಹೋದವನು ಮಾಯವಾದ, ಚರ್ಚ್‌ಗೇಟಿನಲ್ಲಿ ೧೯೯೫ರಲ್ಲಿ ಹೊಗೆಯಾದ. ಕಾರಣ ಒಂದೇ, ಆದರೆ ಅಲ್ಲಿ ಅದು ಯಂತ್ರದ ಕೊರತೆ, ಇಲ್ಲಿ ತಿಳಿದು 만ಾಡಿದ ಮಾತು. ಆ ಹೊಗೆಯಲ್ಲಿ ನಮ್ಮಲ್ಲಿ ಯಾರೋ ಇದ್ದಿರಬಹುದು. ಹೆಸರು ಬೇಕಾಗಿಲ್ಲ. ಆರು ಗಂಟೆಯ ಗಾಡಿಗೆ ಓಡಿದವನು ಇದನ್ನು ನೋಡಿ ಹೌದೆನ್ನುತ್ತಾನೆ.

ಸುಧಾರಕ ಓಲ್ವೆಯವರದು ಬೇರೆ ದಾರಿ. ಮುಂಬಯಿಯ ಪತ್ರಿಕಾ ಛಾಯಾಗ್ರಾಹಕರಾಗಿದ್ದ ಅವರು ಮಹಾನಗರಪಾಲಿಕೆಯ ಸಫಾಯಿ ಕಾಮಗಾರರ ಹಿಂದೆ ಹೋಗಿ, ಗಟಾರದೊಳಗೆ, ಕಸದ ಗಾಡಿಯ ಮೇಲೆ, ಅವರ ಮನೆಗಳಲ್ಲಿ ಪಟ ತೆಗೆದರು. ಅವುಗಳ ಮುಂದೆ ನಿಂತರೆ ಕಲೆಯ ಮಾತು ನಾಲಗೆಗೆ ಬರುವುದಿಲ್ಲ, ಕೈಗವಸು ಎಲ್ಲಿ ಎಂಬ ಪ್ರಶ್ನೆ ಬರುತ್ತದೆ. ನನ್ನ ಲೆಕ್ಕದಲ್ಲಿ ಅದು ದೊಡ್ಡ ಹೊಗಳಿಕೆ. ೨೦೧೬ರಲ್ಲಿ ಅವರಿಗೆ ಪದ್ಮಶ್ರೀ ಬಂತು. ನಮ್ಮ ಮೈಸೂರಿನ ಟಿ. ಎಸ್. ಸತ್ಯನ್ (೧೯೨೩–೨೦೦೯) ಅವರನ್ನೂ ಇಲ್ಲಿ ನೆನೆಯಬೇಕು. ಅವರ ಮಕ್ಕಳ ಪಟಗಳನ್ನು ೧೯೭೯ರಲ್ಲಿ, ಅಂತರರಾಷ್ಟ್ರೀಯ ಮಕ್ಕಳ ವರ್ಷದಂದು, ನ್ಯೂಯಾರ್ಕಿನ ವಿಶ್ವಸಂಸ್ಥೆಯ ಕಛೇರಿಯಲ್ಲಿ ಪ್ರದರ್ಶಿಸಿದರು. ಸಾಮಾನ್ಯ ಜನರನ್ನು ಅವರು ತೆಗೆದ ಪಟಗಳಲ್ಲಿ ಯಾರೂ ಸಿಕ್ಕಿಬಿದ್ದವರಂತೆ ಕಾಣುವುದಿಲ್ಲ.

ಪಟ ತೆಗೆದವರ ಹೆಸರನ್ನೂ ಕಣ್ಣುಮುಚ್ಚಿ ನಂಬಬಾರದು ಎಂಬುದಕ್ಕೆ ಹೋಮಾಯಿ ವ್ಯಾರಾವಾಲಾ ಸಾಕ್ಷಿ. ಹಿಂದುಸ್ಥಾನದ ಮೊದಲ ಮಹಿಳಾ ಪತ್ರಿಕಾ ಛಾಯಾಗ್ರಾಹಕಿ. ಆಕೆ ಮುಂಬಯಿಯಲ್ಲಿ ತೆಗೆದ ಮೊದಮೊದಲ ಪಟಗಳು ಅಚ್ಚಾದದ್ದು ಗಂಡನ ಹೆಸರಿನಲ್ಲಿ.

ಇನ್ನು ಪ್ರದರ್ಶನಕ್ಕೆ ಹೋದಾಗ ಮಾಡಬೇಕಾದ್ದು. ಎಲ್ಲವನ್ನೂ ನೋಡುವ ಹಟ ಬೇಡ. ಮೊದಲು ಚೀಟಿ ಓದದೆ ಒಂದು ಸುತ್ತು ಬನ್ನಿ. ಯಾವ ಐದಾರು ಪಟಗಳು ಕಾಲು ಹಿಡಿದು ನಿಲ್ಲಿಸಿದುವೋ ಎರಡನೆಯ ಸುತ್ತಿನಲ್ಲಿ ಅವುಗಳ ಬಳಿಗೆ ಮಾತ್ರ ಹೋಗಿ, ಈಗ ಚೀಟಿ ಓದಿ. ಚೀಟಿ ಬಹುಮಟ್ಟಿಗೆ ಇಂಗ್ಲೀಷಿನಲ್ಲಿರುತ್ತದೆ. ಅದಕ್ಕಾಗಿಯೇ ನಾನು ಹೇಳುವುದು, ಒಬ್ಬೊಬ್ಬರೇ ಹೋಗಬೇಡಿ, ಇಬ್ಬರಾಗಿ ಹೋಗಿ: ಒಬ್ಬ ಕಛೇರಿಯವನು, ಒಬ್ಬ ಕೈಕೆಲಸದವನು. ಕಛೇರಿಯವನು ಚೀಟಿ ಓದಲಿ, ಕೈಕೆಲಸದವನು ಪಟ ಓದಲಿ. ಹಳೆಯ ಮುಂಬಯಿಯ ಬಟ್ಟೆ ಗಿರಣಿಯ ಪಟವಿದ್ದರೆ, ಮಗ್ಗ ಓಡುತ್ತಿದೆಯೇ, ನಿಲ್ಲಿಸಿ ಪಟಕ್ಕೆ ನಿಂತಿದ್ದಾರೆಯೇ ಎಂದು ಗಿರಣಿಯಲ್ಲಿ ದುಡಿದವನಿಗೆ ಗೊತ್ತು. ತಲೆಗೂದಲಲ್ಲಿ ಹತ್ತಿಯ ನವಿರು ಇಲ್ಲದಿದ್ದರೆ ಪಾಳಿ ಶುರುವಾಗುವ ಮೊದಲು ತೆಗೆದದ್ದೆಂದು ಅವನು ಹೇಳಿಬಿಡುತ್ತಾನೆ. ಯಾವ ಪಂಡಿತನೂ ಹೇಳಲಾರ. ೧೯೮೨ರ ಮುಷ್ಕರದ ನಂತರ ಒಂದೊಂದಾಗಿ ಗಿರಣಿಗಳು ಮುಚ್ಚಿದುವು. ಆ ಪಟಗಳನ್ನು ಹೀಗೆ ಓದಬಲ್ಲವರು ವರ್ಷ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. ಹೊಟೆಲಿನ ಅಡಿಗೆಮನೆಯ ಪಟವಾದರೆ ನಮ್ಮ ಉಡುಪಿ ಕಡೆಯ ಮಿತ್ರರನ್ನು ಮುಂದೆ ಬಿಡಿ.

ಬಾಗಿಲ ಹತ್ತಿರ ಅಭಿಪ್ರಾಯ ಬರೆಯುವ ಪುಸ್ತಕವಿರುತ್ತದೆ. ಅದರಲ್ಲಿ “ಬಹಳ ಚೆನ್ನಾಗಿದೆ” ಎಂದು ಬರೆದು ಬರುವ ಪದ್ಧತಿ ಬಿಡೋಣ. ಇಷ್ಟನೆಯ ಪಟದಲ್ಲಿರುವ ಊರು ಇದಲ್ಲ, ಈ ಸಾಧನದ ಹೆಸರು ಇದಲ್ಲ, ಇದು ರಾತ್ರಿ ಪಾಳಿ, ಈತನ ಹೆಸರು ಯಾಕಿಲ್ಲ ಎಂದು ಬರೆಯಿರಿ. ಕನ್ನಡದಲ್ಲೇ ಬರೆಯಿರಿ, ಅವರು ಓದಿಸಿಕೊಳ್ಳಲಿ.

ಭಾಷಣ ಮುಗಿದ ಮೇಲೆ ಒಬ್ಬ ಮಿತ್ರರು ಕೇಳಿದರು: ತೆಗೆದವರೇ ತೋರಿಸಬಾರದೆಂದು ಇಟ್ಟ ಪಟಗಳನ್ನು ತೋರಿಸಬಹುದೇ? ಒಳ್ಳೆಯ ಪ್ರಶ್ನೆ. ವಿವಿಯನ್ ಮೇಯರ್ ಎಂಬಾಕೆ ಅಮೇರಿಕದ ಶಿಕಾಗೋದಲ್ಲಿ ಪರರ ಮನೆಯ ಮಕ್ಕಳನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದುಕೊಂಡು ಬೀದಿಯಲ್ಲಿ ಲಕ್ಷಕ್ಕೂ ಮಿಕ್ಕಿ ಪಟ ತೆಗೆದರು, ಯಾರಿಗೂ ತೋರಿಸಿದವರಲ್ಲ. ಬಾಡಿಗೆ ಕಟ್ಟದೆ ಉಳಿದ ಗೋದಾಮಿನ ಸಾಮಾನು ೨೦೦೭ರಲ್ಲಿ ಹರಾಜಾದಾಗ ಅವು ಪರರ ಕೈಸೇರಿದುವು. ೨೦೦೯ರಲ್ಲಿ ಆಕೆ ತೀರಿಕೊಂಡ ಮೇಲೆ ಕೀರ್ತಿ ಬಂತು. ಇಂದು ನಾವು ನೋಡುವ ಪ್ರತಿಗಳ ಆಯ್ಕೆಯಲ್ಲಿ ಆಕೆಯ ಕೈಯಿಲ್ಲ. ನೋಡಬಾರದೆಂದು ನಾನು ಹೇಳೆ, ಅಷ್ಟು ಒಳ್ಳೆಯ ಪಟಗಳು. ಆದರೆ ಇದು ಬೇರೆಯವರು ಆರಿಸಿದ ಮೇಯರ್ ಎಂಬ ಮಾತು ಬಾಗಿಲಲ್ಲೇ ಬರೆದಿರಬೇಕು.

ಜಹಾಂಗೀರ್ ಗ್ಯಾಲರಿಯ ಎದುರು ಬದಿಯ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿಗೆ ಸೋಮವಾರ ರಜೆ, ಭಾಯಖಳಾದ ಡಾ. ಭಾವು ದಾಜಿ ಲಾಡ್ ಸಂಗ್ರಹಾಲಯಕ್ಕೆ ಬುಧವಾರ ರಜೆ. ಏನು ಪ್ರದರ್ಶನವಿದೆಯೆಂದು ಮೊದಲು ವಿಚಾರಿಸಿಕೊಂಡು ಹೋಗಿ. ಊರಿಗೆ ಹೋಗುವಾಗ ಬೆಂಗಳೂರಿನಲ್ಲಿ ಅರ್ಧ ದಿನ ಸಿಕ್ಕಿದರೆ ಕಸ್ತೂರಬಾ ರಸ್ತೆಯಲ್ಲಿ ೨೦೨೩ರಲ್ಲಿ ತೆರೆದ ಕಲೆ ಮತ್ತು ಛಾಯಾಚಿತ್ರ ಸಂಗ್ರಹಾಲಯವಿದೆ. ಸದ್ಯಕ್ಕೆ ಬರುವ ರವಿವಾರ ನಾವು ಜಹಾಂಗೀರಿಗೆ ಹೋಗುವುದೆಂದು ಗೊತ್ತಾಗಿದೆ. ಬಾಗಿಲು ತೆರೆಯುವುದು ಹನ್ನೊಂದಕ್ಕೆ. ಚರ್ಚ್‌ಗೇಟಿನಿಂದ ನಡೆದೇ ಹೋಗೋಣ. ಬರುವವರು ಶುಕ್ರವಾರದೊಳಗೆ ಗ್ರಂಥಪಾಲಕರ ಬಳಿಯಿರುವ ವಹಿಯಲ್ಲಿ ಹೆಸರು ಬರೆಯಿರಿ. ಶನಿವಾರ ರಾತ್ರಿ ಪಾಳಿ ಇರುವವರು ನಿದ್ದೆ ಕೆಡಿಸಿಕೊಳ್ಳಬೇಕಾಗಿಲ್ಲ, ಅವರ ಜೊತೆ ಅದರ ಮುಂದಿನ ರವಿವಾರ ನಾನು ಇನ್ನೊಮ್ಮೆ ಹೋಗುತ್ತೇನೆ.